ಛಾಯಾಗ್ರಹಣ – ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಟಾಕ್ ಫೋಟೊ ದಾಟಿದ ಮೇಲೆ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ಕಳವಳ ಬೇರೆ ಬೇರೆ ರೂಪದಲ್ಲಿತ್ತು. ಯಾರು ಬೇಕಾದರೂ ಕೊಂಡು ಬಳಸಲೆಂದು ಚಿತ್ರ ಮಾರುವ ಸ್ಟಾಕ್ ತಾಣಗಳಿಗೆ ಚಿತ್ರ ಕಳಿಸಿ ಕಳಿಸಿ ಕೈ ಪಳಗಿದೆ, ಆದರೆ ತೆಗೆದ ಚಿತ್ರ ತನ್ನದು ಅನ್ನಿಸುತ್ತಿಲ್ಲ. ಸಂಚಿಕೆಯ ಜಾಗವನ್ನೆಲ್ಲ ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಏಳು ವರ್ಷದಿಂದ ಶಟರ್‌ಸ್ಟಾಕ್, ಅಡೋಬಿ ಸ್ಟಾಕ್‌ಗೆ ಚಿತ್ರ ಹಾಕುತ್ತಿದ್ದೇನೆ. 4,000 ದಾಟಿದೆ. ಆದಾಯ ಇಳಿಯುತ್ತಿದೆ. ಅದಕ್ಕಿಂತ ಬೇಸರದ ಸಂಗತಿ ಎಂದರೆ, ಹಳೇ ಚಿತ್ರ ತೆರೆದು ನೋಡಿದರೆ ಯಾವ ಊರಲ್ಲಿ ತೆಗೆದೆ ಎಂದು ನನಗೇ ಗೊತ್ತಾಗುವುದಿಲ್ಲ. ಸ್ವಂತದ್ದು ಅನ್ನುವಂಥ ಕೆಲಸ ಎಲ್ಲಿಂದ ಶುರು ಮಾಡಲಿ?
– ಓದುಗರು, ತುಮಕೂರು

ಉತ್ತರ: ಆದಾಯ ಇಳಿದದ್ದಕ್ಕೆ ನಿಮ್ಮ ಕೈ ಕಾರಣವಲ್ಲ. ಶಟರ್‌ಸ್ಟಾಕ್ 2020ರ ಜೂನ್‌ನಲ್ಲಿ ಛಾಯಾಗ್ರಾಹಕರ ಪಾಲನ್ನು ಶೇ 15ರಿಂದ 40ರವರೆಗಿನ ಮೆಟ್ಟಿಲುಗಳಾಗಿ ಮಾಡಿತು. ವರ್ಷವಿಡೀ ಹತ್ತಿದವರು ಜನವರಿ 1ಕ್ಕೆ ಮತ್ತೆ ಕೆಳಗಿನ ಮೆಟ್ಟಿಲಿಗೆ ಬಂದು ನಿಲ್ಲಬೇಕು. ಚಂದಾದಾರರು ಇಳಿಸಿಕೊಂಡ ಚಿತ್ರಕ್ಕೆ ಕನಿಷ್ಠ ದರ 10 ಸೆಂಟ್. 2022ರ ಡಿಸೆಂಬರ್‌ನಿಂದ ಅಡೋಬಿ ಸ್ಟಾಕ್ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳನ್ನೂ ತೆಗೆದುಕೊಳ್ಳುತ್ತಿದೆ. ಬಿಳಿ ಹಿನ್ನೆಲೆಯ ತೆಂಗಿನಕಾಯಿ, ಕೈಕುಲುಕುವ ಇಬ್ಬರು, ಲ್ಯಾಪ್‌ಟಾಪ್ ಮುಂದೆ ನಗುವ ಹುಡುಗಿ, ಇಂಥವನ್ನು ಈಗ ಯಂತ್ರವೇ ಕೊಡುತ್ತದೆ.

ನಿಮ್ಮ ಚಿತ್ರದಲ್ಲಿ ಊರು ಕಾಣದಿರುವುದಕ್ಕೂ ಕಾರಣ ಸ್ಪಷ್ಟವಾಗಿದೆ. ಸ್ಟಾಕ್‌ಗಾಗಿ ಏಳು ವರ್ಷ ನೀವು ಊರನ್ನು ಅಳಿಸುವುದನ್ನೇ ಅಭ್ಯಾಸ ಮಾಡಿದ್ದೀರಿ. ಅಂಗಡಿ ಬೋರ್ಡ್ ಬಂದರೆ ಪಕ್ಕಕ್ಕೆ ಸರಿದಿರಿ, ಒಪ್ಪಿಗೆಪತ್ರ ಇಲ್ಲದ ಮುಖವನ್ನು ಬಿಟ್ಟಿರಿ, ಜಾಹೀರಾತಿನ ಅಕ್ಷರಕ್ಕೆಂದು ಒಂದು ಮೂಲೆ ಖಾಲಿ ಇಟ್ಟಿರಿ, ಎಫ್/1.8 ಇಟ್ಟು ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸಿದಿರಿ. ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸುವಂತಿರಲಿ ಎಂದು ಮಾಡಿದ ಚಿತ್ರ ಅದು. ಇನ್ನು ಮುಂದಿನ ಕೆಲಸಕ್ಕೆ ಈ ಅಭ್ಯಾಸಗಳನ್ನು ಒಂದೊಂದಾಗಿ ತಿರುಗಿಸಬೇಕು.

ಮೊದಲು ತಿರಸ್ಕೃತವಾದ ಚಿತ್ರಗಳ ಫೋಲ್ಡರ್ ತೆರೆಯಿರಿ. ಲೋಗೊ ಇದೆ, ನಾಯ್ಸ್ (ಕಾಳುಕಾಳಾದ ಚುಕ್ಕೆ) ಇದೆ, ಮುಖಕ್ಕೆ ಒಪ್ಪಿಗೆ ಇಲ್ಲ ಎಂದು ವಾಪಸ್ ಬಂದವುಗಳಿಂದ 200 ಆರಿಸಿ, ಚಿಕ್ಕ ಗಾತ್ರದಲ್ಲಿ ಒಟ್ಟಿಗೆ ಪರದೆಯ ಮೇಲೆ ಹರಡಿ. ಯಾವ ಜಾಗ, ಯಾವ ಕೆಲಸ, ಯಾವ ಜನ ಮತ್ತೆ ಮತ್ತೆ ಬರುತ್ತಾರೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಯಾರೂ ಕೇಳದಿದ್ದರೂ ನಿಮ್ಮ ಕಣ್ಣು ಎತ್ತ ಹೋಗುತ್ತದೆ ಎಂಬುದು ಅಲ್ಲೇ ಸಿಗುತ್ತದೆ.

ಆಮೇಲೆ ಒಂದೇ ಒಂದು ವಿಷಯ. ಬೈಕಿನಲ್ಲೋ ಬಸ್ಸಿನಲ್ಲೋ ವಾರಕ್ಕೊಮ್ಮೆ ಹೋಗಿಬರುವಷ್ಟು ಹತ್ತಿರವಿರಲಿ, ತಿಂಗಳಿಂದ ತಿಂಗಳಿಗೆ ಬದಲಾಗುವ ಕೆಲಸವಾಗಿರಲಿ, ‘ಮತ್ತೆ ಬನ್ನಿ’ ಎನ್ನುವ ಒಂದು ಮನೆಯಾದರೂ ಅಲ್ಲಿರಲಿ. ನಿಮ್ಮ ಜಿಲ್ಲೆಯಲ್ಲಿ ಇದಕ್ಕೆ ಬರವಿಲ್ಲ. ಬೇಸಿಗೆಯಲ್ಲಿ ಹುಣಸೆ ಬಡಿದು, ಸಿಪ್ಪೆ ತೆಗೆದು, ಬೀಜ ಬಿಡಿಸುವ ಕೆಲಸವಿದೆ. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ; ಜಮೀನಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನು ಬರುತ್ತದೆ ಎಂಬ ಒಂದು ಪ್ರಶ್ನೆ ಸಾಕು, ವರ್ಷದ ಕೆಲಸ. ನಮ್ಮ ಒಲವು ತಿಪಟೂರಿನ ಉಂಡೆ ಕೊಬ್ಬರಿಯ ಕಡೆಗೆ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು-ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ಒಡೆದು ತೆಗೆಯುವುದು. ಕೆಲಸವೇ ವರ್ಷ ಹಿಡಿಯುತ್ತದೆ, ಹಾಗಾಗಿ ನೀವೂ ವರ್ಷ ನಿಲ್ಲಬೇಕಾಗುತ್ತದೆ. ಮಂಡಿಯಲ್ಲಿ ಕೊಬ್ಬರಿ ರಾಶಿಯ ಒಂದು ಚಿತ್ರ ತೆಗೆದು ಬರುವವರು ಸಾವಿರ ಜನ. ಅಟ್ಟದ ಕತ್ತಲಲ್ಲಿ ಆರನೇ ತಿಂಗಳ ಕಾಯಿ ಹೇಗಿರುತ್ತದೆ ಎಂದು ನೋಡಿದವರು ಕಡಿಮೆ.

ಹನ್ನೆರಡು ಭೇಟಿ ಎಂದು ಲೆಕ್ಕ ಇಟ್ಟುಕೊಳ್ಳಿ. ಮೊದಲನೇ ಭೇಟಿಯಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಬೆಳಕು ಯಾವ ಕಿಂಡಿಯಿಂದ ಎಷ್ಟು ಗಂಟೆಗೆ ಬೀಳುತ್ತದೆ ಎಂದು ಬರೆದುಕೊಳ್ಳಿ. ಎರಡನೇ ಭೇಟಿಯಿಂದ ಒಂದೇ ಲೆನ್ಸ್: ಪೂರ್ಣ ಫ್ರೇಮ್ ಕ್ಯಾಮೆರಾಕ್ಕೆ 35 ಎಂ.ಎಂ., ಚಿಕ್ಕ ಸೆನ್ಸರ್‌ನ ಎಪಿಎಸ್-ಸಿ ಆದರೆ 23 ಅಥವಾ 24. ಅಪರ್ಚರ್ ಎಫ್/5.6ರಿಂದ 8ರ ನಡುವೆ, ಮನುಷ್ಯನ ಹಿಂದಿರುವ ಗೋಡೆ, ಕ್ಯಾಲೆಂಡರ್, ದೇವರ ಪಟ ಓದುವಂತಿರಲಿ ಎಂದು. ಅಟ್ಟದಲ್ಲಿ ಅಷ್ಟು ಬೆಳಕಿರುವುದಿಲ್ಲ, ಅಲ್ಲಿ ಎಫ್/2.8, ಐಎಸ್‌ಒ 3200 ಅಥವಾ 6400, ಆಡುವ ಕೈಗಳಿಗೆ ಶಟರ್ ವೇಗ 1/125, ನಿಂತ ವಸ್ತುವಿಗೆ ಗೋಡೆಗೆ ಒರಗಿ 1/15. ನಾಯ್ಸ್‌ಗೆ ಹೆದರಬೇಡಿ. ಶೇ 100 ಹಿಗ್ಗಿಸಿ ನೋಡುವ ಸ್ಟಾಕ್ ಪರೀಕ್ಷಕರು ಇಲ್ಲಿಲ್ಲ. ಒಂದು ಭೇಟಿಗೆ 60 ಚಿತ್ರದ ಮಿತಿ ಹಾಕಿಕೊಳ್ಳಿ, ಒತ್ತುವ ಮೊದಲು ನೋಡುವ ಅಭ್ಯಾಸ ಮರಳಿ ಬರುತ್ತದೆ. ಪ್ರತಿ ಸಲ ಹೋಗುವಾಗ ಹಿಂದಿನ ಸಲದ ನಾಲ್ಕೈದು ಚಿತ್ರಗಳನ್ನು 4×6 ಇಂಚಿನಲ್ಲಿ ಪ್ರಿಂಟ್ ಹಾಕಿಸಿ ಅವರಿಗೇ ಕೊಟ್ಟುಬಿಡಿ. ನಾಲ್ಕನೇ ಭೇಟಿಯ ಹೊತ್ತಿಗೆ ಜನ ನಿಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು ನಿಲ್ಲುವುದನ್ನು ಬಿಡುತ್ತಾರೆ.

ಬಹುತೇಕರು ಕೈಬಿಡುವುದು ಐದನೇ ಭೇಟಿಯಲ್ಲಿ. ‘ಎಲ್ಲಾ ತೆಗೆದಾಯಿತು’ ಅನ್ನಿಸುತ್ತದೆ. ಗೊತ್ತಿದ್ದ ಚಿತ್ರಗಳು ಮುಗಿದಿವೆ, ಅಷ್ಟೇ. ಅಂಥ ದಿನ ಒಂದು ಮಿತಿ ಹಾಕಿಕೊಂಡು ಹೋಗಿ: ಇವತ್ತು ಬರೀ ಮಧ್ಯಾಹ್ನದ ಊಟದ ಹೊತ್ತು, ಇವತ್ತು ಬರೀ ನೆಲ, ಇವತ್ತು ಕೆಲಸ ಇಲ್ಲದ ದಿನ.

ಸ್ಟಾಕ್ ಕೆಲಸವನ್ನು ಒಮ್ಮೆಲೇ ನಿಲ್ಲಿಸಬೇಡಿ, ಬರುವಷ್ಟು ದುಡ್ಡು ಬರಲಿ. ಆದರೆ ಫೋಲ್ಡರ್ ಬೇರೆ, ದಿನ ಬೇರೆ ಇರಲಿ. ಈ ಸರಣಿಯ ಒಂದು ಚಿತ್ರವನ್ನೂ ಅಲ್ಲಿಗೆ ಹಾಕಬೇಡಿ. ರಾಯಲ್ಟಿ-ಫ್ರೀ ಆಗಿ (ಒಮ್ಮೆ ಹಣ ಕೊಟ್ಟು ಮತ್ತೆ ಮತ್ತೆ ಬಳಸುವಂತೆ) ಒಮ್ಮೆ ಮಾರಾಟವಾದ ಚಿತ್ರವನ್ನು ನೀವು ತಾಣದಿಂದ ಅಳಿಸಿದರೂ ಕೊಂಡವರ ಹಕ್ಕು ಹಾಗೇ ಉಳಿಯುತ್ತದೆ. ನಂಬಿ ಒಳಗೆ ಬಿಟ್ಟುಕೊಂಡ ಹೆಂಗಸಿನ ಮುಖ ನಾಳೆ ಯಾವುದೋ ಜಾಹೀರಾತಿನಲ್ಲಿ ಕಾಣಿಸಿಕೊಂಡರೆ ನೀವು ಆ ಮನೆಗೆ ಮತ್ತೆ ಹೋಗಲಾರಿರಿ.

ಪ್ರಶ್ನೆ: ನನ್ನದು 24 ಮೆಗಾಪಿಕ್ಸೆಲ್‌ನ ಹಳೇ ಎಪಿಎಸ್-ಸಿ ಕ್ಯಾಮೆರಾ. ಇಂಥ ಗಂಭೀರ ಕೆಲಸಕ್ಕೆ ಹೊಸದು ಕೊಳ್ಳಬೇಕೆ?
– ಓದುಗರು, ಗೌರಿಬಿದನೂರು

ಉತ್ತರ: ಬೇಡ. 6000×4000 ಪಿಕ್ಸೆಲ್ ಎಂದರೆ 12×18 ಇಂಚಿನ ಪ್ರಿಂಟ್‌ಗೆ ಇಂಚಿಗೆ 333 ಪಿಕ್ಸೆಲ್ ಸಿಗುತ್ತದೆ, 16×24ಕ್ಕೂ 250. ಇದ್ದ ದುಡ್ಡನ್ನು ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ. ಉಳಿದದ್ದು ಬಸ್ ಚಾರ್ಜಿಗೆ ಮತ್ತು ಪ್ರಿಂಟಿಗೆ.

ಪ್ರಶ್ನೆ: ರೇಷ್ಮೆಯ ಬಗ್ಗೆ ಸರಣಿ ಮಾಡುತ್ತಿದ್ದೇನೆ. ನೂಲು ಬಿಚ್ಚುವ ಘಟಕದಲ್ಲಿ ತೆಗೆದ ಚಿತ್ರಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತಿದೆ, ಲೆನ್ಸ್ ಮಬ್ಬಾಗುತ್ತದೆ, ಹಳದಿ ಗೂಡು ಬೂದಿ ಬಣ್ಣಕ್ಕೆ ತಿರುಗುತ್ತದೆ. ಹುಳು ಮನೆಯೊಳಗೆ ಫ್ಲಾಶ್ ಬಳಸಬಹುದೆ?
– ಓದುಗರು, ಶಿಡ್ಲಘಟ್ಟ

ಉತ್ತರ: ಪಟ್ಟಿಯ ಮೂಲ ನಮ್ಮ ಕರೆಂಟಿನಲ್ಲಿದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/250ರಲ್ಲಿ ಒತ್ತಿದರೆ ಮಿನುಗಿನ ಒಂದು ತುಣುಕು ಮಾತ್ರ ಸಿಕ್ಕಿ ಪಟ್ಟಿ ಬೀಳುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಟ್ಟಿದ್ದರೆ ಪಟ್ಟಿ ಇನ್ನೂ ಹೆಚ್ಚು. ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ವೇಗ 1/100 ಅಥವಾ 1/50 ಇಡಿ. 1/50ರಲ್ಲಿ ಎಳೆ ಹಿಡಿಯುವ ಬೆರಳು ಸ್ವಲ್ಪ ಅಲುಗಿದಂತೆ ಬರುತ್ತದೆ. ಆ ಕೆಲಸದ ವೇಗಕ್ಕೆ ಅದು ಸರಿಯಾಗಿಯೇ ಕಾಣುತ್ತದೆ.

ಮಬ್ಬಿಗೆ ಕಾರಣ ತಣ್ಣಗಿನ ಲೆನ್ಸ್ ಬಿಸಿ ಹಬೆಗೆ ಸಿಗುವುದು. ಬೆಳಗಿನ ಚಳಿಯಲ್ಲಿ ಬೈಕಿನಲ್ಲಿ ಬಂದವರು ಚೀಲವನ್ನು ಘಟಕದ ಒಳಗೆ ತಂದು, ಜಿಪ್ ತೆಗೆಯದೆ 20ರಿಂದ 30 ನಿಮಿಷ ಬಿಡಿ. ಕ್ಯಾಮೆರಾ ಕೋಣೆಯಷ್ಟು ಬೆಚ್ಚಗಾದ ಮೇಲೆ ಹನಿ ಕಟ್ಟುವುದು ಕಡಿಮೆಯಾಗುತ್ತದೆ. ಒಳಗೆ ಲೆನ್ಸ್ ಬದಲಿಸಲೇಬೇಡಿ, ಹಬೆ ಸೆನ್ಸರ್ ಮೇಲೆ ಕೂರುತ್ತದೆ. ಮನೆಗೆ ಬಂದ ಮೇಲೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಹಬೆಯೇ ಚಿತ್ರದಲ್ಲಿ ಬೇಕೆಂದರೆ ಕಿಟಕಿಯ ಬೆಳಕು ಹಬೆಯ ಹಿಂದಿನಿಂದ ಬರುವ ಕಡೆ ನಿಲ್ಲಿ. ಎದುರಿನಿಂದ ಫ್ಲಾಶ್ ಹೊಡೆದರೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ಅಷ್ಟೇ.

ಬಣ್ಣದ ವಿಷಯ: ಮಿಶ್ರತಳಿ ಗೂಡಿನ ಹಳದಿಯನ್ನು ಆಟೊ ವೈಟ್ ಬ್ಯಾಲೆನ್ಸ್ ‘ದೋಷ’ ಎಂದುಕೊಂಡು ತೊಳೆದುಬಿಡುತ್ತದೆ. ಬೂದು ಕಾರ್ಡನ್ನು ಗೂಡಿನ ಪಕ್ಕ, ಅದೇ ಬೆಳಕಿನಲ್ಲಿಟ್ಟು ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿ, ರಾ ಫೈಲ್‌ನಲ್ಲಿ ತೆಗೆಯಿರಿ. ದ್ವಿತಳಿಯ ಬಿಳಿ ಗೂಡು ಫ್ರೇಮ್ ತುಂಬಿದ್ದರೆ ಮೀಟರ್ ಮೋಸ ಹೋಗಿ ಕಪ್ಪಾಗಿಸುತ್ತದೆ. ಎಕ್ಸ್‌ಪೋಷರ್ +1 ಕೊಡಿ, ಹಿಸ್ಟೊಗ್ರಾಂ ಬಲತುದಿಗೆ ಬಡಿಯದಂತೆ ನೋಡಿಕೊಳ್ಳಿ.

ಹುಳು ಮನೆಯಲ್ಲಿ ಕ್ಯಾಮೆರಾಕ್ಕಿಂತ ಹುಳು ಮುಖ್ಯ. ಒಂದು ಬೆಳೆ ಕೈಕೊಟ್ಟರೆ ಆ ಮನೆಯ ತಿಂಗಳ ದುಡಿಮೆ ಹೋಗುತ್ತದೆ. ಬಾಗಿಲಲ್ಲಿ ಇಟ್ಟಿರುವ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು ಒಳಗೆ ಹೋಗಿ. ಒಂದೇ ದಿನ ಎರಡು ಮನೆಗೆ ಹೋಗಬೇಡಿ. ಹಾಲುತೊಂಡೆ, ಸುಣ್ಣಕಟ್ಟು ರೋಗಗಳು ಚಪ್ಪಲಿ, ಬಟ್ಟೆ, ಚೀಲದ ತಳದಲ್ಲೇ ದಾಟುತ್ತವೆ. ಸೆಂಟ್, ಸೊಳ್ಳೆ ಔಷಧಿ ಹಚ್ಚಿಕೊಂಡು ಹೋಗಬೇಡಿ. ಬೆಳಕು ಸಾಲದು ಎಂದು ಬಲೆಯ ಬಾಗಿಲನ್ನು ತೆರೆದಿಡುವುದು ಛಾಯಾಗ್ರಾಹಕರು ಮಾಡುವ ದೊಡ್ಡ ತಪ್ಪು. ಆ ಬಲೆ ಇರುವುದೇ ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣ ಬರದಿರಲಿ ಎಂದು. ಹುಳು ಜ್ವರಕ್ಕೆ ಕೂತ ದಿನ, ಅಂದರೆ ಮೇವು ಬಿಟ್ಟು ತಲೆ ಎತ್ತಿಕೊಂಡು ಪೊರೆ ಕಳಚಲು ಕಾಯುವಾಗ, ತಟ್ಟೆ ಅಲುಗಿಸಬೇಡಿ. ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟೆಗೆ, ಬಿಟ್ಟ ಮೇಲೆ ಜೋರು ಬೆಳಕು ಒಂದೇ ಕಡೆಯಿಂದ ಬಿದ್ದರೆ ಹುಳುಗಳು ಕತ್ತಲ ಕಡೆಗೆ ಗುಂಪುಗೂಡುತ್ತವೆ, ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಜೋಡಿಗೂಡಿನಿಂದ ಒಳ್ಳೆಯ ನೂಲು ಬರುವುದಿಲ್ಲ. ಹಾಗಾಗಿ ಉರಿಯುತ್ತಲೇ ಇರುವ ವಿಡಿಯೊ ಲೈಟ್ ಅಲ್ಲಿ ಬೇಡವೇ ಬೇಡ. ಫ್ಲಾಶ್ ಕೂಡ ಬಿಡಿ. ಐಎಸ್‌ಒ ಏರಿಸಿ, ಸ್ಟ್ಯಾಂಡ್ ಇಟ್ಟುಕೊಂಡು ಕಾಯಿರಿ.

ಇಷ್ಟೆಲ್ಲ ಪಾಲಿಸಿದರೆ ಒಂದು ಬೆಳೆಗೆ, ಚಾಕಿಯಿಂದ (ಎಳೆ ಹುಳುವಿನ ಹಂತ) ಗೂಡು ಬಿಡಿಸುವವರೆಗೆ ತಿಂಗಳೊಳಗೆ, ಒಂದೇ ಮನೆಯಲ್ಲಿ ಆರೇಳು ಭೇಟಿ ಸಿಗುತ್ತವೆ. ಒಂದೇ ಮನೆ ಸಾಕು. ಹತ್ತು ಮನೆಯ ಹತ್ತು ಚಂದದ ಚಿತ್ರಕ್ಕಿಂತ ಒಂದು ಮನೆಯ ಒಂದು ಬೆಳೆ ಹೆಚ್ಚು ಹೇಳುತ್ತದೆ. ಆ ಗೂಡು ಮಾರುಕಟ್ಟೆಗೆ ಹೋಗುವ ದಿನ ಗೂಡಿನ ಜೊತೆಗೇ ಹೋಗಿ, ಹರಾಜು ಮುಗಿಯುವವರೆಗೆ ರೈತನ ಮುಖದ ಪಕ್ಕದಲ್ಲಿರಿ.

ಪ್ರಶ್ನೆ: ಕೆಜಿಎಫ್‌ನಲ್ಲಿ ತೆಗೆದ ನನ್ನ ಚಿತ್ರಗಳೆಲ್ಲ ತುಕ್ಕು ಹಿಡಿದ ಯಂತ್ರ, ಸೈನೈಡ್ ದಿಬ್ಬ, ಬಾಗಿಲಿಲ್ಲದ ಬಂಗಲೆ. ಎಲ್ಲರೂ ತೆಗೆದದ್ದೇ. ಬೇರೆ ಏನಿದೆ?
– ಓದುಗರು, ಬಂಗಾರಪೇಟೆ

ಉತ್ತರ: ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಪಾಳು ಕಟ್ಟಡದ ಚಿತ್ರ ಆ ಒಂದು ದಿನವನ್ನೇ ಮತ್ತೆ ಮತ್ತೆ ಹೇಳುತ್ತದೆ. ಊರು ಆ ದಿನಕ್ಕೆ ನಿಲ್ಲಲಿಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಕತ್ತಲಿರುವಾಗಲೇ ಹೊರಡುವ ರೈಲಿನಲ್ಲಿ ಗಣಿಯವರ ಮಕ್ಕಳು, ಮೊಮ್ಮಕ್ಕಳು ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಬರುತ್ತಾರೆ. ಅವರಲ್ಲಿ ಯಾರಾದರೊಬ್ಬರ ಒಪ್ಪಿಗೆ ಪಡೆದು ವಾರಗಟ್ಟಲೆ ಅದೇ ಬೋಗಿಯಲ್ಲಿ ಹೋಗಿಬನ್ನಿ. ಟ್ರೈಪಾಡ್, ಲೈಟು ಬೇಡ. ಅವಕ್ಕೆ ರೈಲ್ವೆಯ ಅನುಮತಿ ಬೇಕಾಗುತ್ತದೆ.

ಇನ್ನೊಂದು ದಾರಿ ಗಣಿ ಕಾರ್ಮಿಕರ ಲೈನ್ ಮನೆಗಳ ಆಲ್ಬಂಗಳು. ಹೆಲ್ಮೆಟ್ ಹಾಕಿದ ಅಜ್ಜ, ಕ್ಲಬ್ಬಿನ ಫುಟ್‌ಬಾಲ್ ತಂಡ, ಚರ್ಚಿನ ಮದುವೆ, ಇವು ಎಷ್ಟೋ ಮನೆಗಳ ಟ್ರಂಕಿನಲ್ಲಿ ಗೆದ್ದಲಿಗೆ ಕಾದಿವೆ. ಅವನ್ನು ಪ್ರತಿ ಮಾಡಿಕೊಳ್ಳುವುದು ಛಾಯಾಗ್ರಾಹಕನ ಕೆಲಸವೇ. ಅಂಟಿದ ಫೋಟೊವನ್ನು ಕೀಳಲು ಹೋಗಬೇಡಿ, ಎಮಲ್ಷನ್ (ಚಿತ್ರವಿರುವ ಪದರ) ಎದ್ದು ಬರುತ್ತದೆ. ಪುಟದ ಸಮೇತ ತೆಗೆಯಿರಿ. ಆಲ್ಬಂ ಅನ್ನು ನೆಲದ ಮೇಲೆ ಹಾಸಿ, ಕ್ಯಾಮೆರಾವನ್ನು ಅದಕ್ಕೆ ಸಮಾನಾಂತರವಾಗಿ ಮೇಲೆ ನಿಲ್ಲಿಸಿ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ಎರಡು ಬಲ್ಬು ಇಡಿ. ಎಫ್/8, ಐಎಸ್‌ಒ 100, ಎರಡು ಸೆಕೆಂಡ್ ಟೈಮರ್. ಗಾಜಿನ ಫ್ರೇಮ್ ಆದರೆ ನಿಮ್ಮ ಬಿಂಬ ಬೀಳದಂತೆ ಕಪ್ಪು ಬಟ್ಟೆಗೆ ತೂತು ಮಾಡಿ ಲೆನ್ಸ್ ಮಾತ್ರ ಹೊರಗಿಡಿ. ಹಿಂಬದಿಯ ಬರಹವನ್ನೂ ತೆಗೆಯಿರಿ. ಆ ಮನೆಯವರು ಹೇಳುವ ಹೆಸರು, ಇಸವಿ, ಶಾಫ್ಟ್ ಯಾವುದೆಂಬುದನ್ನು ಅವರ ಮಾತಿನಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಬಹಳ ಮನೆಗಳಲ್ಲಿ ಅದು ತಮಿಳಿನಲ್ಲಿರುತ್ತದೆ, ಹಾಗೇ ಇರಲಿ.

ಸೈನೈಡ್ ದಿಬ್ಬಕ್ಕೆ, ಅಂದರೆ ಚಿನ್ನ ತೆಗೆದು ಉಳಿದ ಪುಡಿಯ ರಾಶಿಗೆ, ಹೋಗಲೇಬೇಕೆಂದರೆ ಆಷಾಢದ ಗಾಳಿಯಲ್ಲಿ ಬೇಡ. ಆ ಪುಡಿ ಹಿಟ್ಟಿನಷ್ಟು ನುಣುಪು, ಶ್ವಾಸಕೋಶಕ್ಕೂ ಸೆನ್ಸರ್‌ಗೂ ಒಂದೇ ತರಹದ ಕೇಡು. ಗಣಿ ಪ್ರದೇಶದ ಬೇಲಿ ದಾಟಬೇಡಿ.

ಪ್ರಶ್ನೆ: ಎರಡು ವರ್ಷ ಟೊಮೆಟೊ ಬೆಳೆ ಮತ್ತು ಕೋಲಾರದ ಮಾರುಕಟ್ಟೆಯ ಹಿಂದೆ ಬಿದ್ದಿದ್ದೆ. 1,100 ಚಿತ್ರ ಇವೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ತಿಳಿಯುತ್ತಿಲ್ಲ. ಒಂದೊಂದೂ ಚೆನ್ನಾಗಿದೆ ಅನ್ನಿಸುತ್ತದೆ.
– ಓದುಗರು, ಚಿಂತಾಮಣಿ

ಉತ್ತರ: ‘ಒಂದೊಂದೂ’ ಎಂದಿರಿ, ತೊಡಕು ಅಲ್ಲೇ ಇದೆ. ಸ್ಟಾಕ್‌ನಲ್ಲಿ ಪ್ರತಿ ಚಿತ್ರವೂ ಒಂಟಿಯಾಗಿ ಮಾರಾಟವಾಗಬೇಕು, ಅದಕ್ಕೇ ಪ್ರತಿಯೊಂದೂ ಎಲ್ಲವನ್ನೂ ಹೇಳಲು ಹೊರಡುತ್ತದೆ. ಸರಣಿಯಲ್ಲಿ ಒಂದು ಚಿತ್ರ ಅರ್ಧ ಹೇಳಿ ಪಕ್ಕದ್ದಕ್ಕೆ ಬಿಡಬೇಕು.

ಮೊದಲ ಸುತ್ತಿನಲ್ಲಿ ಪ್ರತಿ ಚಿತ್ರಕ್ಕೆ ಎರಡು ಸೆಕೆಂಡ್‌ಗಿಂತ ಹೆಚ್ಚು ಕೊಡಬೇಡಿ, ಕೈ ತಾನಾಗಿ ನಿಂತದ್ದಕ್ಕೆ ಮಾತ್ರ ಗುರುತು ಹಾಕಿ. 150ರ ಸುಮಾರಿಗೆ ಬರುತ್ತದೆ. ಅಷ್ಟನ್ನೂ 4×6ರಲ್ಲಿ ಪ್ರಿಂಟ್ ಹಾಕಿಸಿ. ಪರದೆಯ ಮೇಲೆ ಈ ಕೆಲಸ ಆಗುವುದಿಲ್ಲ. ಅಲ್ಲಿ ಒಂದಾದ ಮೇಲೊಂದು ಕಾಣುತ್ತದೆ, ನಿಮಗೆ ಬೇಕಿರುವುದು ಎಲ್ಲವೂ ಒಟ್ಟಿಗೆ. ಹಜಾರದ ನೆಲದ ಮೇಲೆ ಹರಡಿ, ಒಂದೇ ಮಾತು ಹೇಳುವ ಚಿತ್ರಗಳನ್ನು ಗುಡ್ಡೆ ಮಾಡಿ. 15 ಕಿಲೊ ಬಾಕ್ಸ್ ಹೊತ್ತವನ ಚಿತ್ರ ನಿಮ್ಮಲ್ಲಿ ಖಂಡಿತ ಇಪ್ಪತ್ತು ಇರುತ್ತವೆ. ಒಂದು ಸಾಕು. ಈಗ ಯಾವ ಗುಡ್ಡೆ ಇಲ್ಲವೇ ಇಲ್ಲ ಎಂದು ನೋಡಿ. ಸಾಮಾನ್ಯವಾಗಿ ಮಾರುಕಟ್ಟೆಯ ಗಲಾಟೆ ಬೇಕಾದಷ್ಟಿದ್ದು, ನರ್ಸರಿಯ ಸಸಿ, ಕೋಲು ನೆಟ್ಟು ದಾರ ಕಟ್ಟುವ ಹೆಂಗಸರು, ಔಷಧಿ ಹೊಡೆಯುವುದು, ದರ ಬಿದ್ದ ದಿನ ಹೊಲದಲ್ಲೇ ಬಿಟ್ಟ ಹಣ್ಣು, ಮಂಡಿಯ ಚೀಟಿ ಇವು ಇರುವುದಿಲ್ಲ. ಆ ಖಾಲಿ ಜಾಗಗಳೇ ಮುಂದಿನ ಮೂರು ತಿಂಗಳ ಕೆಲಸ.

60ಕ್ಕೆ ಇಳಿಸಿ ಗೋಡೆಗೆ ಅಂಟಿಸಿ ಒಂದು ತಿಂಗಳು ಬಿಡಿ. ಓಡಾಡುವಾಗ ಕಣ್ಣು ಜಾರಿಹೋಗುವ ಚಿತ್ರವನ್ನು ದಿನಕ್ಕೊಂದರಂತೆ ಕಿತ್ತು ಹಾಕಿ. ಸೂರ್ಯಾಸ್ತದ ಕೆಂಪಿನಲ್ಲಿ ಹೊಲ ನಿಂತಿರುವ ಚಿತ್ರವೇ ಕೀಳಲು ಕಷ್ಟವಾಗುವುದು. ಅದು ಟೊಮೆಟೊ ಬಗ್ಗೆ ಏನನ್ನೂ ಹೇಳುತ್ತಿಲ್ಲ, ಕಿತ್ತುಬಿಡಿ. ಉಳಿದ 30ನ್ನು ಒಬ್ಬ ಬೆಳೆಗಾರನಿಗೆ, ಒಬ್ಬ ಹಮಾಲಿಗೆ ತೋರಿಸಿ. ಅವರು ಬೆಳಕು ನೆರಳು ನೋಡುವುದಿಲ್ಲ, ‘ಇದು ನಾಟಿ ತಳಿ ಅಲ್ಲ, ಇಲ್ಲಿ ಗ್ರೇಡಿಂಗ್ ತಪ್ಪಾಗಿದೆ’ ಎಂದು ನಿಮಗೆ ಗೊತ್ತೇ ಇಲ್ಲದ್ದನ್ನು ಹೇಳುತ್ತಾರೆ. ಕೊನೆಗೆ 20ರಿಂದ 24 ನಿಲ್ಲಲಿ.

ಜೋಡಿಸುವಾಗ ಅತ್ಯುತ್ತಮ ಚಿತ್ರವನ್ನು ಮೊದಲಿಗೆ ಇಡಬೇಡಿ, ಆಮೇಲಿನವು ಸಪ್ಪೆಯಾಗುತ್ತವೆ. ಎರಡು ಅಗಲ ನೋಟ ಒಟ್ಟಿಗೆ ಬೇಡ. ಗದ್ದಲದ ಪುಟವಾದ ಮೇಲೆ ಒಂದು ಖಾಲಿ ಬಾಕ್ಸ್, ಒಂದು ಕೈ. A4 ಹಾಳೆಗಳನ್ನು ಮಧ್ಯಕ್ಕೆ ಮಡಿಸಿ ಪಿನ್ ಹೊಡೆದು ಕರಡು ಪುಸ್ತಕ ಮಾಡಿ. ಮಡಿಸಿದ ಒಂದು ಹಾಳೆಗೆ ನಾಲ್ಕು ಪುಟ, ಆದ್ದರಿಂದ ಪುಟದ ಸಂಖ್ಯೆ 24, 28, 32 ಹೀಗೆ ನಾಲ್ಕರ ಲೆಕ್ಕದಲ್ಲೇ ಇರಬೇಕು. ಮೂರು ಕರಡಾದರೂ ಆಗುತ್ತವೆ.

ಅಡಿಬರಹ ಸ್ಟಾಕ್‌ನ 50 ಕೀವರ್ಡ್‌ನಂತಿರಬಾರದು. ಎಲ್ಲಿ, ಯಾವಾಗ, ಯಾರು ಏನು ಮಾಡುತ್ತಿದ್ದಾರೆ, ಚಿತ್ರದಲ್ಲಿ ಕಾಣದ ಒಂದು ಸಂಗತಿ, ಅಷ್ಟು ಎರಡು ಸಾಲಿನಲ್ಲಿ. ಆ ದಿನದ ಬಾಕ್ಸ್ ದರ ಬರೆದುಕೊಂಡಿದ್ದರೆ ಸೇರಿಸಿ, ಹತ್ತು ವರ್ಷದ ಮೇಲೆ ಅದೇ ಸಾಲು ಚಿತ್ರಕ್ಕಿಂತ ಮುಖ್ಯವಾಗಬಹುದು.

ಪ್ರಶ್ನೆ: ಮದುವೆ, ಕಂಪನಿ ಕೆಲಸ, ಸ್ಟಾಕ್ ಮೂರೂ ಮಾಡುತ್ತೇನೆ. ಇವುಗಳಲ್ಲಿನ ಒಳ್ಳೆಯ ಚಿತ್ರಗಳನ್ನು ನನ್ನ ಪ್ರದರ್ಶನಕ್ಕೆ ಬಳಸಬಹುದೆ?
– ಓದುಗರು, ಮಧುಗಿರಿ

ಉತ್ತರ: ಮೂರಕ್ಕೂ ಬೇರೆ ಬೇರೆ ಉತ್ತರ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ಚಿತ್ರ ತೆಗೆದವರೇ ಅದರ ಮೊದಲ ಒಡೆಯರು. ಆದರೆ ಒಬ್ಬರು ಹಣ ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟವರೇ ಮೊದಲ ಒಡೆಯರು. ಮದುವೆಯದು, ಕಂಪನಿಯದು ಇದರೊಳಗೆ ಬರುತ್ತವೆ. ಹಾಗಾಗಿ ಮುಂಗಡ ಪಡೆಯುವಾಗಲೇ ಬಿಲ್ಲಿನ ಮೇಲೆ ‘ಪ್ರದರ್ಶನ ಹಾಗೂ ಪುಸ್ತಕಕ್ಕೆ ಬಳಸುವ ಹಕ್ಕು ಛಾಯಾಗ್ರಾಹಕರಿಗೆ ಇರುತ್ತದೆ’ ಎಂಬ ಒಂದು ಸಾಲು ಬರೆದು ಸಹಿ ಹಾಕಿಸಿಕೊಳ್ಳಿ. ನೀವು ಹಕ್ಕನ್ನು ಯಾರಿಗಾದರೂ ಬರೆದುಕೊಡುವಾಗ ಅವಧಿ, ಪ್ರದೇಶ ಎರಡನ್ನೂ ಬರೆಯಿರಿ. ಬರೆಯದಿದ್ದರೆ 19ನೇ ಕಲಮು ಅದನ್ನು 5 ವರ್ಷ ಮತ್ತು ಭಾರತ ಎಂದು ಎಣಿಸುತ್ತದೆ. ಹಕ್ಕು ಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಡಿ ನಿಮ್ಮಲ್ಲೇ ಇರುತ್ತದೆ.

ಸ್ಟಾಕ್‌ಗೆ ಎಕ್ಸ್‌ಕ್ಲೂಸಿವ್ (ಆ ತಾಣಕ್ಕೆ ಮಾತ್ರ) ಅಲ್ಲದ ಒಪ್ಪಂದದಲ್ಲಿ ಕೊಟ್ಟಿದ್ದರೆ ಒಡೆತನ ನಿಮ್ಮದೇ, ಪ್ರದರ್ಶನಕ್ಕೆ ಅಡ್ಡಿಯಿಲ್ಲ. ಎಕ್ಸ್‌ಕ್ಲೂಸಿವ್ ಆಗಿದ್ದರೆ ಒಪ್ಪಂದವನ್ನು ಸಾಲು ಸಾಲಾಗಿ ಓದಿಕೊಳ್ಳಿ. ಚಿತ್ರದಲ್ಲಿರುವವರ ಒಪ್ಪಿಗೆಯನ್ನು ಕನ್ನಡದಲ್ಲಿ, ಐದಾರು ಸಾಲಿನಲ್ಲಿ, ಪ್ರದರ್ಶನಕ್ಕೆ ಒಂದು, ಜಾಹೀರಾತಿಗೆ ಇನ್ನೊಂದು ಎಂದು ಬೇರೆ ಮಾಡಿ ತೆಗೆದುಕೊಳ್ಳಿ. ಮಕ್ಕಳಾದರೆ ತಂದೆ ತಾಯಿಯ ಸಹಿ.

ಪ್ರಶ್ನೆ: ಸಲಾನ್ (ತೀರ್ಪುಗಾರರು ಆರಿಸುವ ಚಿತ್ರಪ್ರದರ್ಶನ) ಸ್ಪರ್ಧೆಗಳಿಗೆ ಕಳಿಸಿ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟದ ಎಎಫ್‌ಐಎಪಿ ಬಿರುದು ಪಡೆಯುವುದು ಬೆಳವಣಿಗೆಯ ದಾರಿಯೆ?
– ಓದುಗರು, ಕೋಲಾರ

ಉತ್ತರ: ಕೌಶಲ ಹರಿತವಾಗುತ್ತದೆ, ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕಡೆ ಅನುಭವಿಗಳ ಒಡನಾಟ ಸಿಗುತ್ತದೆ. ಆದರೆ ಅಲ್ಲಿಯೂ ತೀರ್ಪುಗಾರರು ಒಂದು ಚಿತ್ರವನ್ನು ಕೆಲವೇ ಸೆಕೆಂಡ್ ನೋಡುತ್ತಾರೆ. ಸ್ಟಾಕ್ ಬಿಟ್ಟು ಬಂದವರಿಗೆ ಅದೇ ಅಭ್ಯಾಸ ಇನ್ನೊಂದು ಬಾಗಿಲಿನಿಂದ ವಾಪಸ್ ಬರುವ ಅಪಾಯವಿದೆ. ವರ್ಷಕ್ಕೆ ಎರಡು ಸಲಾನ್ ಸಾಕು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಗೆ ಹೋಗಿ ಪ್ರಿಂಟ್‌ಗಳನ್ನು ಹತ್ತಿರದಿಂದ ನೋಡಿ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರು ಮಕ್ಕಳನ್ನು ತೆಗೆದ ಚಿತ್ರಗಳನ್ನು ಹುಡುಕಿ ನೋಡಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳ ಪ್ರದರ್ಶನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಚಿತ್ರಗಳಲ್ಲಿದ್ದದ್ದು ನಮ್ಮ ಸಾಮಾನ್ಯ ಮನೆ, ಬೀದಿಗಳ ಮಕ್ಕಳೇ.

ಪ್ರಶ್ನೆ: ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ ಮತ್ತು ಸುತ್ತಲಿನ ಬದುಕಿನ ಬಗ್ಗೆ 20 ಚಿತ್ರಗಳ ಸರಣಿ ಮುಗಿದಿದೆ. ಊರಲ್ಲೇ ತೋರಿಸುವ ಆಸೆ. ಪ್ರಿಂಟ್ ಹಾಕಿಸಿದರೆ ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ ಬಂತು.
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮ ಪರದೆಯ ಬೆಳಕು ಹೆಚ್ಚಾಗಿದೆ. ಅಳೆಯುವ ಸಾಧನ ಇದ್ದರೆ 100 ಕ್ಯಾಂಡೆಲಾ ಸುಮಾರಿಗೆ ಇಳಿಸಿ. ಇಲ್ಲದಿದ್ದರೆ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಬಿಳಿ ಕಾಗದ ಹಿಡಿದು, ಎರಡೂ ಒಂದೇ ಬಿಳುಪು ಕಾಣುವವರೆಗೆ ತಗ್ಗಿಸಿ, ಆಮೇಲೆ ಚಿತ್ರ ತಿದ್ದಿ. ಎಲ್ಲ ಒಟ್ಟಿಗೆ ಕೊಡಬೇಡಿ. ಕತ್ತಲು ಹೆಚ್ಚಿರುವ ಎರಡು, ಚರ್ಮದ ಬಣ್ಣವಿರುವ ಒಂದು, ಕಲ್ಲಿನದೊಂದು, ನಾಲ್ಕನ್ನು 8×12ರಲ್ಲಿ ಹಾಕಿಸಿ ಹಗಲು ಬೆಳಕಿನಲ್ಲಿ ನೋಡಿ. ಲ್ಯಾಬ್‌ನವರಿಗೆ ‘ಕರೆಕ್ಷನ್ ಬೇಡ’ ಎಂದು ಬರೆದುಕೊಡಿ, ಇಲ್ಲದಿದ್ದರೆ ಯಂತ್ರ ಪ್ರತಿ ಚಿತ್ರವನ್ನೂ ತನ್ನ ಪಾಡಿಗೆ ಬೆಳ್ಳಗೆ ಮಾಡುತ್ತದೆ. ಕಲ್ಯಾಣ ಮಂಟಪದ ಕರಿಗಲ್ಲಿನ ಕಂಬಗಳು ಬೂದಿ ಬಳಿದಂತೆ ಬರುತ್ತವೆ. ಫೈಲ್ ಎಸ್‌ಆರ್‌ಜಿಬಿ ಬಣ್ಣದಲ್ಲಿರಲಿ, ಅಡೋಬಿ ಆರ್‌ಜಿಬಿ ಕೊಟ್ಟರೆ ಸಾಮಾನ್ಯ ಲ್ಯಾಬಿನಲ್ಲಿ ಬಣ್ಣ ಸತ್ತುಹೋಗುತ್ತದೆ.

ಪ್ರದರ್ಶನಕ್ಕೆ 12×18 ಗಾತ್ರ, ಮ್ಯಾಟ್ ಕಾಗದ, ಸುತ್ತ ಒಂದಿಂಚು ಬಿಳಿ ಅಂಚು. ಹೊಳಪು ಕಾಗದದಲ್ಲಿ ಟ್ಯೂಬ್‌ಲೈಟಿನ ಗೆರೆ ಬಿಟ್ಟು ಇನ್ನೇನೂ ಕಾಣುವುದಿಲ್ಲ. ದುಡ್ಡು ಕಡಿಮೆಯಿದ್ದರೆ 5 ಎಂ.ಎಂ. ಸನ್‌ಬೋರ್ಡ್‌ಗೆ ಅಂಟಿಸಿ, ಮಳೆಗಾಲದಲ್ಲಿ ಅದು ಬಿಲ್ಲಿನಂತೆ ಬಾಗುತ್ತದೆ, ಹಿಂದೆ ಎರಡು ಮರದ ಪಟ್ಟಿ ಕೊಡಿಸಿ. ಫ್ರೇಮ್ ಹಾಕಿಸುವುದಾದರೆ ಗಾಜಿಗೂ ಪ್ರಿಂಟಿಗೂ ನಡುವೆ ಮೌಂಟ್ ಬೋರ್ಡಿನ ಅಂತರವಿರಬೇಕು, ತಾಗಿದ್ದರೆ ತೇವಕ್ಕೆ ಅಂಟಿಕೊಂಡು ಕೀಳಲಾಗದಂತಾಗುತ್ತದೆ. ಚಿತ್ರದ ನಡುಭಾಗ ನೆಲದಿಂದ 58 ಇಂಚು, ಚಿತ್ರದಿಂದ ಚಿತ್ರಕ್ಕೆ 8ರಿಂದ 10 ಇಂಚು. ಶಾಲೆಯ ಹಾಲ್ ಆದರೆ 50 ಇಂಚಿಗೆ ಇಳಿಸಿ, ನೋಡುವವರು ಮಕ್ಕಳು. ಮೊದಲು ಗೋಡೆಗೆ ದಾರ ಎಳೆದು ಗುರುತು ಮಾಡಿಕೊಳ್ಳಿ. ಕಿಟಕಿಯ ನೇರ ಬಿಸಿಲು ಬೀಳುವ ಗೋಡೆ ಬೇಡ. ಅಡಿಬರಹ ಕನ್ನಡದಲ್ಲಿ, 20 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ, ವಯಸ್ಸಾದವರು ಓದಬೇಕು.

ದೇವಾಲಯದ ಆವರಣದೊಳಗೇ ತೂಗುಹಾಕುವ ಯೋಚನೆ ಬಿಡಿ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಟ್ರೈಪಾಡ್ ಇಡುವುದಕ್ಕೂ ಮುಂಚಿತವಾಗಿ ಅನುಮತಿ ಕೇಳಬೇಕಾದ ಜಾಗ. ಗ್ರಂಥಾಲಯ, ಶಾಲೆ, ಹಾಲಿನ ಡೇರಿಯ ಜಗಲಿ ನೋಡಿ. ಡೇರಿಗೆ ಬೆಳಿಗ್ಗೆ ಸಂಜೆ ಊರೇ ಬರುತ್ತದೆ, ಸಾಲಿನಲ್ಲಿ ನಿಂತಾಗ ನೋಡಲು ಪುರುಸೊತ್ತೂ ಇರುತ್ತದೆ. ಶುರುವಾಗುವ ಹಿಂದಿನ ಸಂಜೆ ಚಿತ್ರದಲ್ಲಿರುವವರನ್ನೇ ಕರೆದು ತೋರಿಸಿ. ಯಾರಾದರೂ ‘ಇದು ಬೇಡ’ ಎಂದರೆ ಇಳಿಸಿಬಿಡಿ. ಪಕ್ಕದಲ್ಲಿ ಒಂದು ನೋಟ್ ಬುಕ್ ಮತ್ತು ದಾರ ಕಟ್ಟಿದ ಪೆನ್ನು ಇಡಿ. ಹೆಸರು ತಪ್ಪಾದದ್ದು, ಇಸವಿ ತಪ್ಪಾದದ್ದು ಅದರಲ್ಲಿ ಬರುತ್ತದೆ, ಮುಂದಿನ ಮುದ್ರಣಕ್ಕೆ ತಿದ್ದಿಕೊಳ್ಳಬಹುದು.